ಮೂವತ್ತನಾಲ್ಕು ಇಂಚಿನ ಅಡಿಗೆ ಕಟ್ಟೆ

ಆಳಂದದ ಕಲ್ಲಿನ ಅಂಗಡಿಯೊಂದರಲ್ಲಿ ಗೌಂಡಿಯಾಗಿ ಸೇರಿ, ಅಡಿಗೆ ಮನೆಯ ಕಟ್ಟೆಗಳಿಗೆ ಕಲ್ಲು ಕೂರಿಸುವುದನ್ನೇ ಕಸುಬು ಮಾಡಿಕೊಂಡು, ಕೊನೆಗೆ ಧೂಳು ಎದೆಗಿಳಿದು ಡಾಕ್ಟರು ಬೈದ ಮೇಲೆ ಕೆಲಸ ಬಿಟ್ಟವನು ನಾನು. ಬಿಟ್ಟು ಎರಡು ವರ್ಷವಾಯಿತು. ಹೆಡ್ ಗೌಂಡಿ ಯಾವಾಗ ಆದೆ, ಪಗಾರ ಯಾವಾಗ ಏರಿತು ಎಂಬುದನ್ನೆಲ್ಲ ಬರೆದರೆ ನನ್ನ ಹೆಂಡತಿಯೂ ಓದಲಿಕ್ಕಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವವರು ಗೋಡೆಗೆ ಕೆಂಪು ಬೆಳಕು ಬಿಟ್ಟು ಅಳತೆ ತೆಗೆಯುತ್ತಾರೆ, ಅದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಅಳತೆ ತಪ್ಪದೆಯೂ ಕೆಲಸ ಹೇಗೆ ಕೆಡುತ್ತದೆ ಎಂಬುದನ್ನು ಅವರಿಗೆ ಹೇಳಬೇಕೆಂದು ಬರೆಯಲು ಕುಳಿತಿದ್ದೇನೆ. ಕೆಡಿಸಿದವನು ನಾನೇ ಆದ್ದರಿಂದ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಕೆಲಸವೆಂದರೆ ಕಲ್ಲು ಕೊಯ್ಯುವುದು, ಸಿಮೆಂಟ್ ಹಾಕಿ ಕೂರಿಸುವುದು ಎಂದು ಹೊರಗಿನವರು ತಿಳಿದಿದ್ದಾರೆ. ಕಷ್ಟ ಇರುವುದು ಅದಕ್ಕಿಂತ ಮೊದಲು. ಕಿತ್ತು ಹಾಕಬೇಕಾದ ಹಳೆಯ ಅಡಿಗೆ ಮನೆಯಲ್ಲಿ ಮನೆಯವರೆಲ್ಲ ಗುಂಪಾಗಿ ನಿಂತು, "ಯಾವ ಕಲ್ಲು ಹಾಕೋಣ್ರಿ?" ಎಂದು ನಿಮ್ಮ ಮುಖ ನೋಡುತ್ತಾರಲ್ಲ, ಆಗ. ನೀವು ಹೇಳಿದ್ದು ಆ ಮನೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಇರುತ್ತದೆ. ನೀವು ಚಹಾ ಕುಡಿದು ಮುಂದಿನ ಊರಿಗೆ ಹೋಗಿರುತ್ತೀರಿ.

ನಾನೂ ಮೊದಮೊದಲು ಬಣ್ಣ ನೋಡಿ ಕಲ್ಲು ಹೇಳುತ್ತಿದ್ದೆ. ಯಡ್ರಾಮಿಯಲ್ಲಿ ಒಬ್ಬ ಮಾಸ್ತರರ ಮನೆಗೆ ಬಿಳಿ ಮಾರ್ಬಲ್ ಹಾಕಿಸಿದೆ. ಹಾಲಿನಂಥ ಕಟ್ಟೆ, ಓಣಿಯವರೆಲ್ಲ ಬಂದು ನೋಡಿ ಹೋದರು. ಎಂಟು ದಿನಕ್ಕೆ ಮಾಸ್ತರರ ಫೋನು ಬಂತು. ಹೋಗಿ ನೋಡಿದರೆ ಕಟ್ಟೆಯ ತುಂಬ ಮಂಕು ಮಂಕು ಕಲೆ, ಪಾಲಿಶ್ ತಿಂದುಹೋಗಿದೆ. ವಾರಕ್ಕೆ ನಾಲ್ಕು ದಿನ ಪುಂಡಿಪಲ್ಯ ಮಾಡುವ ಮನೆ ಅದು. ಆ ಹುಳಿ ಬಿದ್ದ ಕಡೆಯೆಲ್ಲ ಮಾರ್ಬಲ್ ಸತ್ತಿತ್ತು. ಮಾಸ್ತರರು ಬೈಯಲಿಲ್ಲ. "ನಮ್ಮ ಮನ್ಯಾಗ ಏನ್ ಉಣ್ತಾರ ಅಂತ ಒಂದ್ ಮಾತು ಕೇಳಬೇಕಿತ್ತಲ್ಲಪಾ" ಎಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಕಾರ್ಖಾನೆಯಲ್ಲಿ ತಯಾರಾದ ಕಲ್ಲು ಬಂತು, ಕ್ವಾರ್ಟ್ಸ್ ಅಂತ. ಹುಳಿಗೆ ಜಗ್ಗುವುದಿಲ್ಲ, ಅರಿಶಿನ ಹಿಡಿಯುವುದಿಲ್ಲ. ಈ ಸಲ ಗೆದ್ದೆ ಎಂದುಕೊಂಡು ಭೂಸನೂರಿನಲ್ಲಿ ಕಬ್ಬು ಬೆಳೆಯುವ ರೈತರೊಬ್ಬರ ಮನೆಗೆ ಅದನ್ನೇ ಹೇಳಿದೆ. ಅವರ ಮನೆಯಾಕೆ ರೊಟ್ಟಿ ಬೇಯಿಸುವ ಹಂಚನ್ನು ಒಲೆಯಿಂದ ಇಳಿಸಿ ಸೀದಾ ಕಟ್ಟೆಯ ಮೇಲಿಟ್ಟರು, ಹುಟ್ಟಿದಾಗಿನಿಂದ ಇಟ್ಟಂತೆ. ತೆಗೆದಾಗ ಹಂಚಿನಷ್ಟೇ ಅಗಲದ ಹಳದಿ ಗುರುತು ಕಲ್ಲಿನಲ್ಲಿ ಕೂತಿತ್ತು. ಅದು ಉಜ್ಜಿದರೆ ಹೋಗುವಂಥದ್ದಲ್ಲ, ಕಲ್ಲಿನ ಪುಡಿಯನ್ನು ಹಿಡಿದಿಡುವ ಒಳಗಿನ ಅಂಟೇ ಸುಟ್ಟಿತ್ತು. ಆಕೆ ನನ್ನೆದುರು ಅತ್ತರು.

ಇಷ್ಟಾದ ಮೇಲೆ ನನಗೆ ಬುದ್ಧಿ ಬಂದಿರಬೇಕು ಎಂದು ನೀವು ತಿಳಿಯಬಹುದು. ಬಂದದ್ದು ಬುದ್ಧಿಯಲ್ಲ, ಹಟ. ಇನ್ನು ಮೇಲೆ ಎಲ್ಲರಿಗೂ ಕರಿ ಗ್ರಾನೈಟ್ ಎಂದು ಗಟ್ಟಿ ಮಾಡಿಕೊಂಡೆ. ಹುಳಿಗೂ ಅಂಜುವುದಿಲ್ಲ, ಬಿಸಿಗೂ ಅಂಜುವುದಿಲ್ಲ. ನಮ್ಮ ಸಾಹುಕಾರರಿಗೂ ಅದೇ ಬೇಕಿತ್ತು. ಅಂಗಡಿಯ ಹಿಂದೆ ಗ್ರಾನೈಟಿನ ಹಾಳೆಗಳು ಸಾಲಾಗಿ ನಿಂತಿದ್ದವು.

ಸಾಹುಕಾರರು ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಅರಿವೆ ಕೊಡಿಸುತ್ತಿದ್ದರು, ಕಾಯಿಲೆಯಾದರೆ ವಿಚಾರಿಸುತ್ತಿದ್ದರು. ಆದರೆ ಒಂದು ಪಾಠವನ್ನು ನನಗೆ ಮೊದಲ ವರ್ಷದಿಂದಲೇ ಕಲಿಸಿದ್ದರು. "ಗಿರಾಕಿ ಮನ್ಯಾಗ ನಿಂತು ತಪ್ಪು ನಮ್ದು ಅನಬ್ಯಾಡ. ಅಂದಿ ಅಂದ್ರ ಪೂರಾ ಕಟ್ಟಿ ಕಿತ್ತಿ ಹೊಸಾದು ಹಾಕು ಅಂತಾರ. ಬ್ಯಾರೆ ಏನರ ಹೇಳು. ನೀರು ಸರಿ ಇಲ್ಲ ಅನ್ನು, ಸಬಕಾರ ಸರಿ ಇಲ್ಲ ಅನ್ನು." ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಒಂದು ದಿನ ಅದು ತಾನಾಗಿಯೇ ಬಾಯಿಂದ ಹೊರಬಂತು. ಆ ದಿನದ ಕಥೆ ಹೇಳುತ್ತೇನೆ.

ಜಗದೇವಿ ಅಕ್ಕನ ಮನೆ ಅಫಜಲಪುರದಲ್ಲಿ. ಗಂಡ ತೀರಿದ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಮಗಳನ್ನು ಓದಿಸಿದವರು. ಊರಿನ ಖಾನಾವಳಿಯೊಂದಕ್ಕೆ ದಿನಾಲು ಎರಡು ಬುಟ್ಟಿ ರೊಟ್ಟಿ ಅವರ ಮನೆಯಿಂದಲೇ ಹೋಗಬೇಕು. ಅವರು ಬಡಿಯುವುದು, ಮಗಳು ಸವಿತಾ ಬೇಯಿಸುವುದು. ಒಲೆಯ ಪಕ್ಕದಲ್ಲಿ ನೆಲಕ್ಕೇ ಒಂದು ಫರಸಿ ಕೂರಿಸಿದ್ದರು. ಫರಸಿ ಎಂದರೆ ನಮ್ಮ ಸೀಮೆಯ ಬೂದು ಹಾಸುಗಲ್ಲು, ಇಲ್ಲಿನ ಅರ್ಧ ಮನೆಗಳ ನೆಲ ಅದೇ. ಅದರ ಮುಂದೆ ಕುಳಿತು, ಉದುರು ಹಿಟ್ಟು ಚೆಲ್ಲಿ, ಬಲ ಅಂಗೈಯಿಂದ ಬಡಿಯುತ್ತ ಎಡಗೈಯಿಂದ ಅಂಚು ಸರಿಸಿದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತಿತ್ತು.

ಆ ವರ್ಷ ಅಕ್ಕನ ಮೊಣಕಾಲು ಕೈಕೊಟ್ಟವು. ಕಲಬುರಗಿಯ ಡಾಕ್ಟರು, ಇನ್ನು ನೆಲದ ಮೇಲೆ ಕುಳಿತರೆ ಒಂದು ದಿನ ಏಳುವುದಕ್ಕೇ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ನಿಂತು ರೊಟ್ಟಿ ಮಾಡುವಂತಾದರೆ ಕಸುಬು ಉಳಿಯುತ್ತದೆ, ಇಲ್ಲವಾದರೆ ಮುಗಿಯಿತು. ಅದಕ್ಕೇ ಅಡಿಗೆ ಮನೆ ಕಿತ್ತು ಹೊಸದಾಗಿ ಕಟ್ಟೆ ಮಾಡಿಸಲು ನಮ್ಮನ್ನು ಕರೆಸಿದ್ದರು. ಖಾನಾವಳಿಯ ಮಲ್ಲಣ್ಣ ಹದಿನೈದು ದಿನ ತಡೆಯಲು ಒಪ್ಪಿದ್ದ. ಅದಕ್ಕೂ ಹೆಚ್ಚಾದರೆ ಬೇರೆಯವರಿಗೆ ಹೇಳುವುದಾಗಿ ಮುಂಚೆಯೇ ತಿಳಿಸಿದ್ದ.

ನಾನು ಮೂರು ಕಲ್ಲಿನ ತುಂಡು ಚೀಲದಿಂದ ತೆಗೆದು ನೆಲಕ್ಕಿಟ್ಟೆ. ಸವಿತಾಳ ಕಣ್ಣು ಬಿಳಿ ಕ್ವಾರ್ಟ್ಸಿನ ಮೇಲೆ. ಫೋನಿನಲ್ಲಿ ಅಂಥದೇ ಅಡಿಗೆ ಮನೆಯ ಚಿತ್ರ ತೋರಿಸಿದಳು. ಹಂಚಿನ ಕಥೆ ಹೇಳಿ ಅದನ್ನು ಬಿಡಿಸಿದೆ. ಕರಿ ಗ್ರಾನೈಟನ್ನು ಅಂಗೈಯಿಂದ ಒರೆಸಿ, ಮುಖ ಕಾಣುವ ಹಾಗೆ ತಿರುಗಿಸಿ ತೋರಿಸಿದೆ. ಅಕ್ಕ ಮಾತ್ರ ಮೂರನ್ನೂ ಬಿಟ್ಟು ನೆಲದ ಫರಸಿಯನ್ನೇ ನೋಡುತ್ತಿದ್ದರು.

"ಅಣ್ಣಾರ, ಇದೇ ಕಲ್ಲು ಮ್ಯಾಲ ಏರಿಸಿ ಕೂಡ್ಸಾಕ ಬರಂಗಿಲ್ಲೇನ್ರಿ?"

ನಾನು ನಕ್ಕೆ. "ಅಕ್ಕಾರ, ಇಷ್ಟು ಖರ್ಚು ಮಾಡಿ ಮತ್ತ ಹಳೇ ಫರಸಿ ಏನ್ರಿ? ನೋಡ್ದವ್ರು ನಗ್ತಾರ. ಗ್ರಾನೈಟ್ ಮ್ಯಾಲ ಬಡದು ನೋಡ್ರಿ, ಎಷ್ಟು ನುಣುಪ ಅದ."

"ನುಣುಪ ಅದ ಖರೆ. ಈ ಕಲ್ಲು ನನ್ನ ಕೈಗಿ ರೂಢಿ ಆಗ್ಯಾದ, ಅದಕ್ಕ ಕೇಳ್ದೆ."

"ಯವ್ವಾ, ಸುಮ್ನಿರು ಬೇ" ಎಂದಳು ಸವಿತಾ. "ಕಾಕಾ ಎಷ್ಟು ಮನಿ ಮಾಡ್ಯಾರ, ಅವ್ರಿಗಿ ಗೊತ್ತಾಗಂಗಿಲ್ಲೇನ?"

ಅಕ್ಕ ಒಪ್ಪಿದರು. ಕಿತ್ತ ಮೇಲೆ ಆ ಫರಸಿಯನ್ನು ಒಡೆಯದೆ ಒಂದು ಕಡೆ ಇಡಿ ಎಂದಷ್ಟೇ ಹೇಳಿದರು. ಹೂಂ ಎಂದೆ. ಮರುದಿನ ಅವಸರದಲ್ಲಿ ಒಂದೇ ಮೂಲೆಗೆ ಹಾರೆ ಕೊಟ್ಟು ಎಬ್ಬಿಸಿದೆ. ಫರಸಿ ಪದರು ಪದರಾಗಿ ಬೆಳೆದ ಕಲ್ಲು, ನಾಲ್ಕೂ ಕಡೆಯಿಂದ ಸಮನಾಗಿ ಎತ್ತದಿದ್ದರೆ ಹೋಳಾಗುತ್ತದೆ. ಇದು ನನಗೆ ಕಸುಬಿನ ಮೊದಲ ತಿಂಗಳಲ್ಲೇ ಗೊತ್ತಾಗಿದ್ದ ವಿಷಯ. ಅಷ್ಟು ವರ್ಷ ಅಂಗೈ ಆಡಿದ ಮೇಲ್ಪದರು ಐದಾರು ಚೂರಾಗಿ ಎದ್ದು ಬಂತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ನಾನೂ ಕಲ್ಲು ಹಳೆಯದಾಗಿತ್ತು ಎಂದು ಗೊಣಗಿ ಚೂರುಗಳನ್ನು ಹೊರಗೆ ಹಾಕಿದೆ.

ಕಟ್ಟೆಯ ಎತ್ತರವನ್ನು ನಾನು ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲ ಮನೆಗೂ ನೆಲದಿಂದ ಮೂವತ್ತನಾಲ್ಕು ಇಂಚು. ಒಲೆಗೆ, ಕಾಯಿಪಲ್ಯ ಹೆಚ್ಚುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಅದು ಬರೋಬರ್. ಎರಡು ಕಡೆ ಕಲ್ಲಿನ ಹಲಗೆ ನಿಲ್ಲಿಸಿ, ನಡುವೆ ಡಬ್ಬಿ ಇಡಲು ಜಾಗ ಖಾಲಿ ಬಿಟ್ಟು, ಮೇಲೆ ಗ್ರಾನೈಟ್ ಹಾಸಿದೆ. ಸಿಂಕಿನಿಂದ ಗೋಡೆಯವರೆಗೆ ಒಂದೇ ಹಾಳೆ, ನಡುವೆ ಕೂಡಿಕೆಯೇ ಇಲ್ಲ. ಹನ್ನೊಂದನೆಯ ದಿನ ಕೆಲಸ ಮುಗಿಯಿತು. ಅಷ್ಟು ಅಚ್ಚುಕಟ್ಟಾದ ಕಟ್ಟೆಯನ್ನು ನಾನು ಅದಕ್ಕೂ ಮುಂಚೆ ಮಾಡಿರಲಿಲ್ಲ.

ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿದರು. ಅಕ್ಕ ಹೊಸ ಕಲ್ಲಿಗೆ ವಿಭೂತಿ ಹಚ್ಚಿ ಕೈಮುಗಿದರು. ಓಣಿಯ ಹೆಂಗಸರು ನಾಲ್ಕೈದು ಮಂದಿ ಬಂದು ಗೋಡೆಗೊರಗಿ ನಿಂತಿದ್ದರು. ನಾನು ಎದೆ ಉಬ್ಬಿಸಿ ಬಾಗಿಲ ಹತ್ತಿರ ನಿಂತೆ. ಅಕ್ಕ ಹಿಟ್ಟು ನಾದಿ, ಉಂಡೆ ಇಟ್ಟು, ಉದುರು ಹಿಟ್ಟು ಚೆಲ್ಲಿ ಮೊದಲ ಪೆಟ್ಟು ಹಾಕಿದರು.

ಆ ಸಪ್ಪಳಕ್ಕೇ ನನಗೆ ಗೊತ್ತಾಯಿತು. ಕೆಳಗೆ ಖಾಲಿ ಇರುವ ಕಲ್ಲು ಪೆಟ್ಟನ್ನು ನುಂಗುವುದಿಲ್ಲ, ಡಬ್ಬದಂತೆ ಬಾರಿಸುತ್ತದೆ. ಪಾಲಿಶ್ ಮಾಡಿದ ಕಲ್ಲಿನ ಮೇಲೆ ಉದುರು ಹಿಟ್ಟು ನಿಲ್ಲದೆ ಪೆಟ್ಟಿಗೊಮ್ಮೆ ಅಂಚಿಗೆ ಸರಿಯುತ್ತಿತ್ತು. ಹಿಟ್ಟು ಸರಿದ ಕಡೆ ರೊಟ್ಟಿ ಕಲ್ಲಿಗೆ ಅಂಟಿಕೊಂಡಿತು. ತಿರುಗಿಸಲು ಹೋದಾಗ ನಡುವೆ ಹರಿಯಿತು. ಎರಡನೆಯದು ಅಂಚಿನಲ್ಲಿ ಹರಿಯಿತು. ಮೂರನೆಯದಕ್ಕೆ ಅಕ್ಕ ಜೋರು ಹಾಕಲು ನೋಡಿದರು. ಆಗ ಅವರ ಹಿಮ್ಮಡಿ ನೆಲ ಬಿಟ್ಟು ಎದ್ದಿದ್ದನ್ನು ನಾನು ಕಂಡೆ. ಗಿಡ್ಡ ಹೆಂಗಸು, ಕಟ್ಟೆ ಎತ್ತರ, ಭುಜದ ಭಾರ ಅಂಗೈಗೆ ಇಳಿಯುತ್ತಲೇ ಇರಲಿಲ್ಲ. ಮೂರನೆಯ ರೊಟ್ಟಿಯೂ ಹರಿದಾಗ ಗೋಡೆಗೊರಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕ ನನ್ನ ಕಡೆ ತಿರುಗಿದರು. "ಯಾಕ್ರಿ ಅಣ್ಣಾರ, ಹಿಂಗ್ಯಾಕ ಆಗಾಕತ್ತದ?"

ಸತ್ಯ ಹೇಳಲು ಅದೇ ಸಮಯ. ನನ್ನ ನಾಲಿಗೆಗೆ ಬಂದದ್ದು ಸಾಹುಕಾರರ ಪಾಠ. "ಕಲ್ಲಿಂದೇನಿಲ್ರಿ ಅಕ್ಕಾರ. ಎರಡು ವಾರ ಕೆಲಸ ಬಿಟ್ರಿ, ಮೊಣಕಾಲಿಗಿ ಔಷಧಿ ತಗೊಂಡ್ರಿ, ಕೈಯಾಗಿನ ಕಸುವು ಹೋಗ್ಯಾದ. ವಯಸ್ಸೂ ಆಯ್ತಲ್ರಿ. ಹಂಗ ಬಡೀತ ಬಡೀತ ಬರ್ತದ ತಗೋರಿ."

ಅವರು ಎರಡೂ ಅಂಗೈ ಅಂಗಾತ ಮಾಡಿ ನೋಡಿಕೊಂಡರು. ಹಿಟ್ಟು ಹತ್ತಿದ್ದ ಅಂಗೈ. ಬೇರೆಯವರ ಕೈ ನೋಡುವ ಹಾಗೆ ನೋಡಿದರು. "ಹೌದೇನೋ ಬಿಡ್ರಿ" ಎಂದು ಮೆಲ್ಲಗೆ ಹೇಳಿ ಹಿಟ್ಟಿನ ಪರಾತವನ್ನು ಸವಿತಾಳ ಕಡೆ ಸರಿಸಿದರು. ಸಿಟ್ಟಾಗಿದ್ದರೆ, ಜಗಳಾಡಿದ್ದರೆ ನಾನು ಉಳಿಯುತ್ತಿದ್ದೆ. ಅವರು ನಂಬಿಬಿಟ್ಟರು.

ಮೂರನೆಯ ದಿನ ಮುಂಜಾನೆ ಸವಿತಾಳ ಫೋನು ಬಂತು. "ಕಾಕಾ, ಅವ್ವ ದಿನಾ ಬಡದು ಬಡದು ನೋಡ್ಯಾಳ. ಒಂದೂ ಬರ್ವಲ್ದು. ಭುಜ ಬಾತದ. ನನ್ನ ಕೈ ಮುಗೀತು, ಇನ್ನ ಬಿಡ್ತೇನಿ ಅನ್ನಾಕತ್ತಾಳ. ನಾಳಿಗಿ ಮಲ್ಲಣ್ಣ ಕಾಕಾ ಬರ್ತಾರ, ಅವ್ರಿಗಿ ಇಲ್ಲ ಅಂತ ಹೇಳ್ತಾಳಂತ. ಕಲ್ಲಿಗಿ ಏನರ ಹಚ್ಚಿ ಸರಿ ಮಾಡಾಕ ಬರ್ತದೇನ್ರಿ?"

ನೋಡೋಣ ಎಂದು ಫೋನಿಟ್ಟೆ. ಆಗಲೂ ನನ್ನೊಳಗಿನ ಕಳ್ಳ ಸುಮ್ಮನಿರಲಿಲ್ಲ. ನಿಜವಾಗಿಯೂ ಆಕೆಯ ಕೈಯದೇ ದೋಷ ಇದ್ದೀತು, ನಿನ್ನ ಅನುಮಾನ ಸುಳ್ಳಿದ್ದೀತು ಎನ್ನುತ್ತಿತ್ತು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹಿತ್ತಲಲ್ಲಿ ಇಟ್ಟಂಗಿ ಜೋಡಿಸಿ ಎರಡು ಕಂಬ ಮಾಡಿ, ಮನೆಯಲ್ಲಿದ್ದ ಗ್ರಾನೈಟಿನ ತುಂಡೊಂದನ್ನು ಸರಿಯಾಗಿ ಮೂವತ್ತನಾಲ್ಕು ಇಂಚಿಗೆ ಇಟ್ಟೆ. ನನ್ನ ಹೆಂಡತಿಯನ್ನು ಕರೆದು ಅದರ ಮೇಲೆ ರೊಟ್ಟಿ ಬಡಿಯಲು ಹೇಳಿದೆ. ಆಕೆ ಕೊಳಕೂರಿನವಳು, ರೊಟ್ಟಿಯ ವಿಷಯದಲ್ಲಿ ಆಕೆಗೆ ಬಹಳ ಸೊಕ್ಕು. ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರೂ ಹಿಟ್ಟು ತಂದಳು.

ಮೊದಲನೆಯದು ಹರಿಯಿತು. ಎರಡನೆಯದಕ್ಕೆ ಆಕೆಯ ಹಿಮ್ಮಡಿಯೂ ಮೇಲೆದ್ದವು. ಅದೂ ಹರಿದಾಗ ಹಿಟ್ಟನ್ನು ಮುದ್ದೆ ಮಾಡಿ ಪರಾತಕ್ಕೆ ಒಗೆದಳು.

"ಏನ್ರಿ ಇದು? ಇದ್ರ ಮ್ಯಾಲ ಯಾರ ರೊಟ್ಟಿ ಬಡೀತಾರ?"

ಅಫಜಲಪುರದಲ್ಲಿ ನಡೆದದ್ದನ್ನು ಹೇಳಿದೆ. ಹೇಳುವಾಗ ನನ್ನ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಲು ನೋಡಿದೆ. ಅದು ಆಕೆಯ ಹತ್ತಿರ ನಡೆಯಲಿಲ್ಲ.

"ಆಕಿ ಕೈಯಾಗ ಕಸುವಿಲ್ಲ ಅಂತ ಅಂದ್ರಿ? ನಾಕ್ ಮಂದಿ ಮುಂದ? ಹಂಗಾದ್ರ ನನ್ನ ಕೈಯಾಗೂ ಇಲ್ಲೇನ್ರಿ?" ಎಂದಳು. "ಹೋಗ್ರಿ, ಎದ್ದು ಹೋಗ್ರಿ ಮೊದ್ಲ. ಆ ಹೆಣ್ಮಗಳು ಮಲ್ಲಣ್ಣಗ ಇಲ್ಲ ಅನ್ನೂದರಾಗ ಹೋಗ್ರಿ."

ಮೊದಲು ಅಂಗಡಿಗೆ ಹೋದೆ. ಸಾಹುಕಾರರು ಪೂರ್ತಿ ಕೇಳಿದರು, ಕನ್ನಡಕ ತೆಗೆದು ಒರೆಸಿದರು. "ಕಲ್ಲು ಒಡದದೇನು? ಇಲ್ಲ. ಕಲೆ ಬಿದ್ದದೇನು? ಇಲ್ಲ. ಮತ್ತ ನಮ್ಮ ತಪ್ಪು ಎಲ್ಲಿ ಅದ? ಆಕಿ ಒಪ್ಪಿ ತಗೊಂಡಾಳ" ಎಂದರು. ನಾನು ಹೊರಟೇ ನಿಂತದ್ದನ್ನು ಕಂಡು, "ಮಾಡ್ತೀ ಅಂದ್ರ ನಿನ್ನ ಮ್ಯಾಲ ಹಾಕ್ಕೊಂಡು ಮಾಡು, ಅಂಗಡಿ ಹೆಸರು ತರಬ್ಯಾಡ" ಎಂದು ಮುಖ ತಿರುಗಿಸಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳಿದ ಬಾಯಿ ಅವರದಲ್ಲ.

ಮರುದಿನ ಮೊದಲ ಬಸ್ಸಿಗೇ ಅಫಜಲಪುರ ಮುಟ್ಟಿದೆ. ಮನೆಯ ಮುಂದೆ ಮಲ್ಲಣ್ಣನ ಗಾಡಿ ನಿಂತದ್ದು ಕಂಡು ಬಿರಬಿರನೆ ನಡೆದೆ. ಒಳಗೆ ಅಕ್ಕ ಕುರ್ಚಿಯ ಮೇಲೆ ಕುಳಿತಿದ್ದರು, ಬಲಭುಜಕ್ಕೆ ಔಷಧಿಯ ಪಟ್ಟಿ ಹಚ್ಚಿತ್ತು. ಖಾಲಿ ಬುಟ್ಟಿ ಎರಡನ್ನೂ ತೊಳೆದು ಮಲ್ಲಣ್ಣನ ಮುಂದೆ ಇಟ್ಟಿದ್ದರು.

"ಬ್ಯಾರೇದವ್ರಿಗಿ ಹೇಳ್ರಿ ಮಲ್ಲಣ್ಣ, ನನ್ನ ಕೈಲೆ ಇನ್ನ ಆಗಂಗಿಲ್ಲ" ಎನ್ನುತ್ತಿದ್ದರು.

ನಾನು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಮೇಲೆ ನಿಂತು, "ಕೈ ಸುದ್ದಿ ತಗೀಬ್ಯಾಡ್ರಿ ಅಕ್ಕಾರ. ಕೈ ಬರೋಬರ್ ಅದ. ಕಟ್ಟಿ ಗಲತ್ ಅದ. ತಪ್ಪು ನಂದು" ಎಂದೆ. ಆ ಮಾತನ್ನು ಗಿರಾಕಿಯ ಮನೆಯಲ್ಲಿ ಮೊದಲ ಸಲ ಹೇಳಿದ್ದು. ಎತ್ತರ ತಪ್ಪಿದ್ದು, ಕೆಳಗೆ ಖಾಲಿ ಬಿಟ್ಟಿದ್ದು, ಪಾಲಿಶ್ ಕಲ್ಲು ರೊಟ್ಟಿಗೆ ಆಗದ್ದು, ನನ್ನ ಹೆಂಡತಿಯ ರೊಟ್ಟಿಯೂ ಹರಿದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಮಲ್ಲಣ್ಣ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದ. ಅಕ್ಕ ಒಂದೇ ಮಾತು ಕೇಳಿದರು.

"ಅವತ್ತು ನಿಮಗ ಗೊತ್ತಿತ್ತೇನ್ರಿ?"

"ಅನುಮಾನ ಇತ್ತ್ರಿ ಅಕ್ಕಾರ."

"ಅನುಮಾನ ಇತ್ತೋ, ಗೊತ್ತಿತ್ತೋ?"

ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಷ್ಟೋ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಇದು ಅವುಗಳಲ್ಲಿ ಇರಲಿಲ್ಲ. ಸವಿತಾ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಗೊತ್ತಿತ್ತ್ರಿ" ಎಂದೆ. "ಮೊದ್ಲ ಪೆಟ್ಟಿಗೇ ಗೊತ್ತಾಗಿತ್ತು."

ಅಕ್ಕ ತಲೆಯಾಡಿಸಿದರು. ಬೈಗುಳ ಬರುತ್ತದೆ ಎಂದು ಕಾದೆ, ಬರಲಿಲ್ಲ. ಮಲ್ಲಣ್ಣನೇ ಬಾಯಿ ತೆರೆದ. "ಸರಿ ಮಾಡಾಕ ಎಷ್ಟು ದಿನ ಬೇಕು?" ಮೂರು ದಿನ ಎಂದೆ. "ಸೋಮವಾರ ಮುಂಜಾನಿ ಬರ್ತೇನಿ. ಅವತ್ತು ಬುಟ್ಟಿ ತುಂಬಲಿಲ್ಲಂದ್ರ ನಾ ಏನೂ ಮಾಡಾಕ ಬರಂಗಿಲ್ಲ ನೋಡ್ರಿ" ಎಂದು ಬುಟ್ಟಿಗಳನ್ನು ಅಲ್ಲೇ ಬಿಟ್ಟು ಎದ್ದ. ಅದು ಶುಕ್ರವಾರ.

ಆ ಮೂರು ದಿನಗಳಷ್ಟು ಹೆದರಿ ನಾನು ಎಂದೂ ಕೆಲಸ ಮಾಡಿಲ್ಲ. ಒಲೆಯ ಕಡೆಯ ಗ್ರಾನೈಟ್ ಇರಲಿ, ಗೋಡೆಯ ಕಡೆ ಮೂರಡಿ ಮಾತ್ರ ಕೊಯ್ದು ತೆಗೆಯಬೇಕು. ಒಂದೇ ಹಾಳೆ ಎಂದು ಬೀಗಿದ್ದೆನಲ್ಲ, ಈಗ ಅದೇ ಕುತ್ತಿಗೆಗೆ ಬಂತು. ಕೊಯ್ಯುವಾಗ ಒಂದು ಸೀಳು ಸಿಂಕಿನ ತೂತಿನ ಕಡೆ ಓಡಿದರೆ ಇಡೀ ಕಟ್ಟೆ ಹೋಗುತ್ತದೆ, ಸೋಮವಾರವೂ ಹೋಗುತ್ತದೆ. ಹಾಳೆಯ ಕೆಳಗೆ ಕಟ್ಟಿಗೆಯ ಒತ್ತು ಕೊಟ್ಟು, ಮಿಷನ್ನನ್ನು ಮುಟ್ಟಿಸಿ ತೆಗೆದು, ಮುಟ್ಟಿಸಿ ತೆಗೆದು, ನೀರು ಹನಿಸುತ್ತ ಅರ್ಧ ದಿನ ಕೊಯ್ದೆ. ಕೊನೆಯ ಎರಡು ಇಂಚನ್ನು ಮಿಷನ್ ಬಿಟ್ಟು ಚಾಣದಿಂದಲೇ ತೆಗೆದೆ. ತುಂಡು ಬೇರೆಯಾಗಿ, ಸಿಂಕಿನ ಕಡೆ ಬೆರಳಾಡಿಸಿ ನೋಡಿ, ಸೀಳಿಲ್ಲ ಎಂದು ಖಾತ್ರಿಯಾದ ಮೇಲೆ ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ.

ಈ ಸಲ ಟೇಪನ್ನು ಚೀಲದಲ್ಲೇ ಇಟ್ಟೆ. ಅಕ್ಕನನ್ನು ಬರಿಗಾಲಲ್ಲಿ ನಿಲ್ಲಿಸಿ, ತೋಳು ಇಳಿಬಿಟ್ಟು ಅಂಗೈಯನ್ನು ನೆಲಕ್ಕೆ ಸಮನಾಗಿ ಮಡಚಲು ಹೇಳಿ, ಆ ಅಂಗೈ ಎಲ್ಲಿಗೆ ಬಂತೋ ಅಲ್ಲಿ ಗೋಡೆಗೆ ಸುಣ್ಣದ ಗೆರೆ ಎಳೆದೆ. ಆಮೇಲೆ ಅಳೆದು ನೋಡಿದರೆ ನನ್ನ ಮೂವತ್ತನಾಲ್ಕಕ್ಕಿಂತ ಪೂರಾ ಏಳು ಇಂಚು ಕೆಳಗಿತ್ತು. ಅಷ್ಟು ವರ್ಷ ಎಷ್ಟು ಹೆಂಗಸರನ್ನು ತುದಿಗಾಲಲ್ಲಿ ನಿಲ್ಲಿಸಿ ಬಂದಿದ್ದೇನೋ ಎಂದು ಆಗ ಹೊಳೆದು ನಾಚಿಕೆಯಾಯಿತು. ನೀವು ಯಾವ ಯಂತ್ರವನ್ನಾದರೂ ಇಟ್ಟುಕೊಳ್ಳಿ, ಗೋಡೆಗಿಂತ ಮೊದಲು ಮನುಷ್ಯರನ್ನು ಅಳೆಯಿರಿ. ಕಲ್ಲಿನ ಹೆಸರು ಎತ್ತುವುದಕ್ಕೂ ಮೊದಲು, ನೀವು ದಿನಾ ಮಾಡುವ ಅಡಿಗೆಯನ್ನು ಒಮ್ಮೆ ನನ್ನೆದುರು ಮಾಡಿ ತೋರಿಸಿ ಎಂದು ಕೇಳಿ. ನಾನು ಆಮೇಲಿನ ವರ್ಷಗಳಲ್ಲಿ ಆಳಂದದಿಂದ ಜೇವರ್ಗಿಯವರೆಗೆ ಯಾವ ಮನೆಗೆ ಹೋದರೂ ಹಾಗೇ ಮಾಡಿದೆ. ಕೆಲವರು ನಕ್ಕರು, ನಗಲಿ.

ಅಕ್ಕನ ಗೆರೆಯ ಮಟ್ಟಕ್ಕೆ, ಕೆಳಗೆ ಖಾಲಿ ಬಿಡದೆ ಇಟ್ಟಂಗಿ ತುಂಬಿ ಗಟ್ಟಿ ಮಾಡಿದೆ. ಮೇಲೆ ಎರಡು ಬೆರಳು ದಪ್ಪದ ಫರಸಿ ತಂದು ಹಾಕಿದೆ, ಪಾಲಿಶ್ ಇಲ್ಲದ್ದು. ಅದರ ಒರಟುತನ ಹೋಗಲು ಸಾಣೆಕಲ್ಲು ಹಿಡಿದು ನೀರು ಹಾಕಿ ಒಂದು ಇಡೀ ದಿನ ಕೈಯಿಂದಲೇ ಉಜ್ಜಿದೆ. ಎಷ್ಟು ಉಜ್ಜಿದರೂ ನಾನು ಒಡೆದುಹಾಕಿದ ಆ ಹಳೆಯ ಕಲ್ಲಿನ ಹದ ಬರಲಿಲ್ಲ. ಆ ಮೂರೂ ದಿನ ಅಕ್ಕ ಕೆಲಸದ ಮಾತು ಬಿಟ್ಟು ನನ್ನೊಂದಿಗೆ ಬೇರೆ ಮಾತಾಡಲಿಲ್ಲ. ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಸವಿತಾಳ ಕೈಯಲ್ಲಿ ಬರುತ್ತಿತ್ತು.

ಸೋಮವಾರ ಬೆಳಗಿನ ಜಾವ ಅಕ್ಕ ಕಟ್ಟೆಯ ಮುಂದೆ ನಿಂತರು. ಈ ಸಲ ಓಣಿಯ ಹೆಂಗಸರನ್ನು ಕರೆದಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೊದಲ ಪೆಟ್ಟು ಬಿತ್ತು. ಸಪ್ಪಳ ಕಲ್ಲಿನೊಳಗೇ ಇಳಿಯಿತು. ಹಿಮ್ಮಡಿ ನೆಲದ ಮೇಲೆ ಇದ್ದವು. ಎರಡನೆಯ ಪೆಟ್ಟು, ಮೂರನೆಯದು, ಆಮೇಲೆ ಎಣಿಸಲಾಗದಷ್ಟು ಚುರುಕಾಗಿ ಅಂಗೈ ಓಡಿತು. ರೊಟ್ಟಿ ತಿರುಗುತ್ತ ಹೋಯಿತು, ಅಗಲವಾಗುತ್ತ ಹೋಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿದಾಗ ಸವಿತಾ ಅಳುತ್ತಿದ್ದಳು. ಮಲ್ಲಣ್ಣ ಬರುವ ಹೊತ್ತಿಗೆ ಒಂದು ಬುಟ್ಟಿ ತುಂಬಿ ಎರಡನೆಯದು ಅರ್ಧವಾಗಿತ್ತು. ಅವನು ಬುಟ್ಟಿಯ ಮೇಲಿನ ಅರಿವೆ ಸರಿಸಿ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಕುಳಿತು ಕಾದ.

ಎರಡನೆಯ ಬುಟ್ಟಿಯ ಕೊನೆಗೆ ಒಂದು ರೊಟ್ಟಿ ಅಂಚಿನಲ್ಲಿ ಸ್ವಲ್ಪ ಹರಿಯಿತು. ಹಿಟ್ಟು ಆರಿತ್ತು, ಯಾರ ಕೈಯಲ್ಲಾದರೂ ಹರಿಯುತ್ತಿತ್ತು. ಅಕ್ಕ ತಟ್ಟನೆ ನಿಂತರು. ಅಂಗೈ ತಿರುಗಿಸಿ ನೋಡಿಕೊಂಡರು. ಒಂದು ಗಳಿಗೆ ಅಷ್ಟೇ. ಮತ್ತೆ ಹಿಟ್ಟಿಗೆ ಬಿಸಿನೀರು ಚಿಮುಕಿಸಿ ನಾದತೊಡಗಿದರು.

ಬುಟ್ಟಿ ಹೋದ ಮೇಲೆ ನನ್ನನ್ನು ಊಟಕ್ಕೆ ಕೂರಿಸಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಗೆದ್ದ ಖುಷಿಯಲ್ಲಿ ನಾನು, "ಈಗ ಬರೋಬರ್ ಆಯ್ತಲ್ರಿ ಅಕ್ಕಾರ?" ಎಂದು ಕೇಳಿಬಿಟ್ಟೆ.

"ಕಲ್ಲು ಬರೋಬರ್ ಆಯ್ತ್ರಿ ಅಣ್ಣಾರ" ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಖರೆ, ಇಷ್ಟು ವರ್ಷ ರೊಟ್ಟಿ ಹರದ್ರ ನಾ ಹಿಟ್ಟು ನೋಡ್ತಿದ್ದೆ, ನೀರು ನೋಡ್ತಿದ್ದೆ. ಈಗ ಮೊದ್ಲ ಕೈ ನೋಡ್ಕೋತೇನಿ. ಅದನ್ನ ಹ್ಯಾಂಗ ಕಿತ್ತಿ ತಗೀತೀರಿ?"

ಸವಿತಾ ಬಂದು ಇನ್ನೊಂದು ರೊಟ್ಟಿ ಬಡಿಸಿ ಹೋದಳು.